ಇಂಟರ್‌ನ್ಯಾಷನಲ್ ಸ್ಕೂಲ್ ಗೋಡೆಯ ಮೇಲಿನ ಆ ಹತ್ತು ಗುಣಗಳು: ಮಗುವಿಗೆ ನಿಜಕ್ಕೂ ಸಿಗುವುದೇನು?

ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ... ಯಾವ ಊರಿನ ಐಬಿ ಶಾಲೆಗೆ ಹೋದರೂ ಒಂದು ನೋಟ ಸಾಮಾನ್ಯ. ರಿಸೆಪ್ಷನ್ ಗೋಡೆಯ ಮೇಲೆ, ಮೆಟ್ಟಿಲುಗಳ ಪಕ್ಕ ಅಥವಾ ಮಕ್ಕಳ ಡೈರಿಯಲ್ಲಿ ಬಣ್ಣಬಣ್ಣದ ಹತ್ತು ಪದಗಳು ಕಾಣುತ್ತವೆ. ಇನ್‌ಕ್ವೈರರ್, ಥಿಂಕರ್, ಕೇರಿಂಗ್, ರಿಸ್ಕ್ ಟೇಕರ್ ಹೀಗೆ ಸಾಗುವ ಆ ಪಟ್ಟಿಗೆ 'ಲರ್ನರ್ ಪ್ರೊಫೈಲ್' ಎಂದು ಹೆಸರು. ನಮ್ಮಲ್ಲಿ ಓದಿದ ಮಗು ಇಂಥ ಗುಣಗಳನ್ನು ಬೆಳೆಸಿಕೊಳ್ಳಬೇಕು ಎಂಬುದು ಶಾಲೆ ಮುಂದಿಡುವ ಗುರಿ.

ಅಡ್ಮಿಷನ್‌ಗೆ ಬಂದ ಪೋಷಕರಲ್ಲಿ ಹೆಚ್ಚಿನವರು ಇದನ್ನು ನೋಡಿ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಅವರ ಚಿಂತೆ ಫೀಸು, ಬಸ್ಸು, ಮುಂದೆ ಕಾಲೇಜು ಸೀಟು. ಅದು ಸಹಜವೇ. ಆದರೆ ವರ್ಷಕ್ಕೆ ಲಕ್ಷಗಳ ಲೆಕ್ಕದಲ್ಲಿ ಹಣ ಕಟ್ಟುವಾಗ ಶಾಲೆ ಕೊಡುತ್ತೇನೆ ಎನ್ನುತ್ತಿರುವುದು ಈ ಹತ್ತು ಗುಣಗಳನ್ನೇ. ಅವು ಎಲ್ಲಿಂದ ಬಂದವು, ತರಗತಿಯಲ್ಲಿ ಹೇಗೆ ಕಾಣುತ್ತವೆ, ಎಲ್ಲಿ ಬರೀ ಪೋಸ್ಟರ್ ಆಗಿ ಉಳಿಯುತ್ತವೆ ಎಂಬುದನ್ನು ತಿಳಿದುಕೊಳ್ಳದೆ ಚೆಕ್ ಬರೆಯುವುದು ಜಾಣತನವಲ್ಲ.

ಮೊದಲು ಹೆಸರಿನ ಗೊಂದಲ ಬಗೆಹರಿಯಲಿ

ಬೋರ್ಡಿನ ಮೇಲೆ 'ಇಂಟರ್‌ನ್ಯಾಷನಲ್ ಸ್ಕೂಲ್' ಎಂದು ಬರೆದ ಮಾತ್ರಕ್ಕೆ ಪಠ್ಯಕ್ರಮ ಅಂತಾರಾಷ್ಟ್ರೀಯ ಆಗುವುದಿಲ್ಲ. ಆ ಹೆಸರಿಟ್ಟುಕೊಂಡ ಎಷ್ಟೋ ಶಾಲೆಗಳಲ್ಲಿ ನಡೆಯುವುದು ಸಿಬಿಎಸ್ಇ ಅಥವಾ ಐಸಿಎಸ್ಇ ಪಾಠ. ನಮ್ಮಲ್ಲಿ ಹೆಚ್ಚು ಪರಿಚಿತವಾದ ಅಂತಾರಾಷ್ಟ್ರೀಯ ವ್ಯವಸ್ಥೆಗಳು ಎರಡು. ಒಂದು ಬ್ರಿಟನ್ ಮೂಲದ ಕೇಂಬ್ರಿಡ್ಜ್. ಇನ್ನೊಂದು ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಅಂದರೆ ಐಬಿ.

ಎರಡಕ್ಕೂ ತಮ್ಮದೇ ಗುಣಗಳ ಪಟ್ಟಿ ಇದೆ. ಕೇಂಬ್ರಿಡ್ಜ್ ಪಟ್ಟಿಯಲ್ಲಿ ಐದು: ಆತ್ಮವಿಶ್ವಾಸ, ಜವಾಬ್ದಾರಿ, ಆತ್ಮಾವಲೋಕನ, ಹೊಸತನ, ತೊಡಗಿಸಿಕೊಳ್ಳುವಿಕೆ. ಐಬಿ ಪಟ್ಟಿಯಲ್ಲಿ ಹತ್ತು. ಈ ಲೇಖನದಲ್ಲಿ ನೋಡುತ್ತಿರುವುದು ಆ ಹತ್ತನ್ನು.

ಯುದ್ಧಗಳ ನಡುವೆ ಹುಟ್ಟಿದ ಪ್ರಶ್ನೆ

ಕಥೆ ಶುರುವಾಗುವುದು ಸ್ವಿಟ್ಜರ್ಲೆಂಡ್‌ನ ಜಿನೀವಾದಲ್ಲಿ. ಮೊದಲ ಮಹಾಯುದ್ಧದ ನಂತರ ಅಲ್ಲಿ ರಾಷ್ಟ್ರಗಳ ಒಕ್ಕೂಟ ಹಾಗೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಕಚೇರಿಗಳು ಬಂದವು. ನಾನಾ ದೇಶಗಳಿಂದ ಬಂದ ನೌಕರರ ಮಕ್ಕಳಿಗಾಗಿ 1924ರಲ್ಲಿ ಜಿನೀವಾ ಅಂತಾರಾಷ್ಟ್ರೀಯ ಶಾಲೆ ಆರಂಭವಾಯಿತು.

ಇಂಥ ಶಾಲೆಗೆ ಎರಡು ತಲೆನೋವು. ಒಂದು, ಇಲ್ಲಿ ಓದಿದ ಮಗುವನ್ನು ಯಾವ ದೇಶದ ವಿಶ್ವವಿದ್ಯಾಲಯ ಸೇರಿಸಿಕೊಳ್ಳುತ್ತದೆ? ಎರಡನೆಯದು ಇನ್ನೂ ಕಷ್ಟದ್ದು. ಪರಸ್ಪರ ಯುದ್ಧ ಮಾಡಿದ ದೇಶಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕೂತಾಗ ಯಾರ ಇತಿಹಾಸವನ್ನು ಪಾಠ ಮಾಡುವುದು? ಆ ಶಾಲೆಯ ಮುಖ್ಯಸ್ಥೆಯಾಗಿದ್ದ ಮಾರಿ ತೆರೇಸ್ ಮೊರೆಟ್ 1948ರಲ್ಲಿ ಯುನೆಸ್ಕೋಗಾಗಿ ಒಂದು ಕಿರುಪುಸ್ತಕ ಬರೆದರು. ಶಾಂತಿಗಾಗಿ ಶಿಕ್ಷಣ ಕೊಡುವ ವಿಧಾನಗಳು ಇವೆಯೇ ಎಂಬುದೇ ಅದರ ವಿಷಯ.

1968ರಲ್ಲಿ ಜಿನೀವಾದಲ್ಲೇ ಐಬಿ ಸಂಸ್ಥೆ ಸ್ಥಾಪನೆಯಾಯಿತು. ಎಲ್ಲ ಕಡೆ ನಡೆಯುವ ಒಂದು ಸರ್ಟಿಫಿಕೇಟ್, ಜೊತೆಗೆ ಬೇರೆಯವರ ಜೊತೆ ಬಾಳುವ ಮನೋಭಾವ, ಇವೆರಡೂ ಅದರ ಗುರಿಯಾದವು. ನಮ್ಮಿಂದ ಭಿನ್ನವಾಗಿರುವವರೂ ಸರಿಯಿರಬಹುದು ಎಂದು ಒಪ್ಪುವ ಮನಸ್ಸು ಬೆಳೆಯಬೇಕು ಎಂಬ ಅರ್ಥದ ಮಾತು ಸಂಸ್ಥೆಯ ಧ್ಯೇಯವಾಕ್ಯದಲ್ಲೇ ಇದೆ. ಭಾರತದಲ್ಲಿ ಮೊದಲು ಐಬಿ ಮಾನ್ಯತೆ ಪಡೆದದ್ದು ತಮಿಳುನಾಡಿನ ಕೊಡೈಕೆನಾಲ್ ಇಂಟರ್‌ನ್ಯಾಷನಲ್ ಸ್ಕೂಲ್, 1976ರಲ್ಲಿ. ಇಂದು ಜಗತ್ತಿನಾದ್ಯಂತ 5,000ಕ್ಕೂ ಹೆಚ್ಚು ಐಬಿ ಶಾಲೆಗಳಿವೆ.

ಹತ್ತು ಗುಣಗಳ ಪಟ್ಟಿ ಅಷ್ಟು ಹಳೆಯದಲ್ಲ. ಮೊದಲು ಚಿಕ್ಕ ಮಕ್ಕಳ ಪ್ರಾಥಮಿಕ ಕಾರ್ಯಕ್ರಮದಲ್ಲಿದ್ದ ಅದನ್ನು 2006ರಲ್ಲಿ ಎಲ್ಲ ಹಂತಗಳಿಗೂ ವಿಸ್ತರಿಸಿದರು. 2013ರಲ್ಲಿ ಒಮ್ಮೆ ಪರಿಷ್ಕರಿಸಿದರು.

ಹತ್ತು ಗುಣ, ಒಂದೇ ಉದಾಹರಣೆ

ಪದಗಳನ್ನು ಒಂದೊಂದಾಗಿ ವಿವರಿಸಿದರೆ ನೀತಿಪಾಠದಂತೆ ಕೇಳಿಸಬಹುದು. ಅದಕ್ಕೇ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಚೆನ್ನೈನಲ್ಲಿ ನೆಲೆಸಿರುವ ಕನ್ನಡ ಕುಟುಂಬದ ಹನ್ನೊಂದು ವರ್ಷದ ಹುಡುಗಿ. ತರಗತಿಯಲ್ಲಿ ಈ ಆರು ವಾರ ಕೈಗೆತ್ತಿಕೊಂಡ ವಿಷಯ 'ನೀರು' ಎಂದುಕೊಳ್ಳಿ.

1. ಇನ್‌ಕ್ವೈರರ್ - ಹುಡುಕುವ ಸ್ವಭಾವ: ಟೀಚರ್ ಪಾಠ ಶುರು ಮಾಡುವ ಮುನ್ನ ಮಕ್ಕಳಿಂದಲೇ ಪ್ರಶ್ನೆ ಬರಬೇಕು. ನಮ್ಮ ಮನೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ? ಬೇಸಿಗೆಯಲ್ಲಿ ಟ್ಯಾಂಕರ್ ಏಕೆ ಬರುತ್ತದೆ?

2. ನಾಲೆಡ್ಜಬಲ್ - ತಿಳಿವಳಿಕೆ: ಪ್ರಶ್ನೆ ಕೇಳಿದರೆ ಸಾಲದು, ವಿಷಯ ಗೊತ್ತಿರಬೇಕು. ಚೆಂಬರಂಬಾಕ್ಕಂನಂಥ ಕೆರೆಗಳು, ಆಂಧ್ರದಿಂದ ಬರುವ ಕೃಷ್ಣಾ ನೀರು, ವೀರಾಣಂ ಕೆರೆಯ ಮೂಲಕ ಬರುವ ಕಾವೇರಿ, ಸಮುದ್ರದ ನೀರನ್ನು ಸಿಹಿ ಮಾಡುವ ಮಿಂಜೂರು ಮತ್ತು ನೆಮ್ಮೇಲಿಯ ಘಟಕಗಳು, ಎಲ್ಲವೂ ಈ ಊರಿಗೆ ನೀರುಣಿಸುತ್ತವೆ. ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಆಟವೇ ಹೆಚ್ಚು, ಪಾಠ ಕಡಿಮೆ ಎಂದುಕೊಂಡವರು ಈ ಎರಡನೇ ಗುಣವನ್ನು ಗಮನಿಸಬೇಕು.

3. ಥಿಂಕರ್ - ವಿಚಾರ ಮಾಡುವುದು: 2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರುಣಿಸುವ ಜಲಾಶಯಗಳು ಬತ್ತಿದವು. ಇನ್ನಷ್ಟು ಸಮುದ್ರನೀರಿನ ಘಟಕ ಕಟ್ಟುವುದು ಮೇಲೋ, ಹಳೆಯ ಕೆರೆಗಳ ಹೂಳೆತ್ತುವುದು ಮೇಲೋ? ಎರಡರ ಖರ್ಚು, ಲಾಭ, ತೊಂದರೆಗಳನ್ನು ತೂಗಿ ನೋಡಬೇಕು.

4. ಕಮ್ಯುನಿಕೇಟರ್ - ಹೇಳುವುದು, ಕೇಳಿಸಿಕೊಳ್ಳುವುದು: ಟ್ಯಾಂಕರ್ ಚಾಲಕನ ಜೊತೆ ತಮಿಳಿನಲ್ಲಿ ಮಾತು, ತರಗತಿಯಲ್ಲಿ ಇಂಗ್ಲಿಷ್‌ನಲ್ಲಿ ವರದಿ, ಮನೆಗೆ ಬಂದು ಅಜ್ಜಿಗೆ ಕನ್ನಡದಲ್ಲಿ ವಿವರಣೆ. ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ವ್ಯವಹರಿಸುವುದು ಈ ಗುಣದ ವ್ಯಾಖ್ಯೆಯಲ್ಲೇ ಸೇರಿದೆ.

5. ಪ್ರಿನ್ಸಿಪಲ್ಡ್ - ಪ್ರಾಮಾಣಿಕತೆ: ಅಂಕಿಅಂಶ ಎಲ್ಲಿಂದ ತೆಗೆದುಕೊಂಡೆ ಎಂದು ಬರೆಯಬೇಕು. ಗೆಳತಿ ಮಾಡಿದ ಕೆಲಸಕ್ಕೆ ತನ್ನ ಹೆಸರು ಹಾಕಬಾರದು.

6. ಓಪನ್ ಮೈಂಡೆಡ್ - ತೆರೆದ ಮನಸ್ಸು: ಕಾವೇರಿಯ ಮಾತು ಬಂದಾಗ ಈ ಹುಡುಗಿಗೆ ನಿಜವಾದ ಪರೀಕ್ಷೆ. ಮನೆಯಲ್ಲಿ ಕೇಳಿದ್ದು ಒಂದು, ತರಗತಿಯ ತಮಿಳು ಗೆಳೆಯರು ಹೇಳುವುದು ಇನ್ನೊಂದು. 1892 ಮತ್ತು 1924ರ ಮದ್ರಾಸ್-ಮೈಸೂರು ಒಪ್ಪಂದಗಳು, 2007ರ ನ್ಯಾಯಾಧಿಕರಣದ ತೀರ್ಪು, ಕರ್ನಾಟಕದ ಪಾಲನ್ನು 14.75 ಟಿಎಂಸಿ ಹೆಚ್ಚಿಸಿದ 2018ರ ಸುಪ್ರೀಂ ಕೋರ್ಟ್ ತೀರ್ಪು, ಇವನ್ನೆಲ್ಲ ಎರಡೂ ದಡಗಳಿಂದ ನೋಡಬೇಕು. ಮಂಡ್ಯದ ರೈತನ ಕಷ್ಟ ಗೊತ್ತಿರುವ ಮಗು ತಂಜಾವೂರಿನ ರೈತನ ಕಷ್ಟವನ್ನೂ ಅರಿಯುವುದೇ ತೆರೆದ ಮನಸ್ಸು. ತನ್ನ ಊರಿನ ವಾದವನ್ನು ಬಿಟ್ಟುಕೊಡುವುದು ಇದರ ಅರ್ಥವಲ್ಲ.

7. ಕೇರಿಂಗ್ - ಕಾಳಜಿ: ನಲ್ಲಿಯೇ ಇಲ್ಲದ ಬೀದಿಯಲ್ಲಿ ಕೊಡ ಹಿಡಿದು ಕಾಯುವವರ ಸ್ಥಿತಿ ತನ್ನ ವಯಸ್ಸಿನ ಹುಡುಗಿಗೂ ಇರಬಹುದು ಎಂಬ ಅರಿವು. ಆಮೇಲೆ ತನ್ನ ಕೈಲಾದದ್ದನ್ನು ಮಾಡುವುದು.

8. ರಿಸ್ಕ್ ಟೇಕರ್ - ಧೈರ್ಯ: ಈ ಪದ ಕೇಳಿ ಪೋಷಕರು ಗಾಬರಿಯಾಗುವುದುಂಟು. ಬೈಕ್ ವೀಲಿಂಗ್ ಮಾಡುವ ಧೈರ್ಯ ಅಲ್ಲ ಇದು. ಉತ್ತರ ತಪ್ಪಾದರೂ ಪರವಾಗಿಲ್ಲ ಎಂದು ಕೈ ಎತ್ತುವುದು, ಮಳೆನೀರು ಕೊಯ್ಲಿನ ಯೋಜನೆಯನ್ನು ಪ್ರಾಂಶುಪಾಲರ ಮುಂದೆ ಇಡುವುದು, ಅದು ತಿರಸ್ಕೃತವಾದರೆ ಮತ್ತೆ ಯತ್ನಿಸುವುದು.

9. ಬ್ಯಾಲೆನ್ಸ್ಡ್ - ಸಮತೋಲನ: ಪ್ರಾಜೆಕ್ಟ್ ಹೆಸರಿನಲ್ಲಿ ಆಟ, ನಿದ್ದೆ, ಮನೆಯವರ ಜೊತೆಗಿನ ಹೊತ್ತು ಹಾಳಾಗಬಾರದು.

10. ರಿಫ್ಲೆಕ್ಟಿವ್ - ತನ್ನನ್ನು ತಾನೇ ನೋಡಿಕೊಳ್ಳುವುದು: ಆರು ವಾರಗಳ ಕೊನೆಯಲ್ಲಿ 'ಮೊದಲು ನಾನು ಏನೆಂದುಕೊಂಡಿದ್ದೆ, ಈಗ ಏನು ಬದಲಾಗಿದೆ, ಎಲ್ಲಿ ಎಡವಿದೆ' ಎಂದು ಬರೆಯುವುದು.

ಒಂದೇ ವಿಷಯದಲ್ಲಿ ಹತ್ತೂ ಬಂದವು ನೋಡಿ. ಇವನ್ನು ಹತ್ತು ಪ್ರತ್ಯೇಕ ಪಾಠಗಳಾಗಿ ಕಲಿಸಲು ಬರುವುದಿಲ್ಲ. ಮಗುವಿಗೆ ಕೊಡುವ ಕೆಲಸ ಸರಿಯಾಗಿದ್ದರೆ ಗುಣಗಳು ಅದರ ಬೆನ್ನಿಗೇ ಬರುತ್ತವೆ. ಕೆಲಸ ಜೊಳ್ಳಾಗಿದ್ದರೆ ಪೋಸ್ಟರ್ ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ.

ಗುಣಕ್ಕೆ ಅಂಕ ಉಂಟೇ?

ಇಲ್ಲ. 'ಕಾಳಜಿಗೆ 7ಕ್ಕೆ 6' ಎಂದು ಐಬಿ ಅಂಕ ಕೊಡುವುದಿಲ್ಲ. ಆದರೆ ಆ ಗುಣಗಳಿಲ್ಲದೆ ಮುಗಿಸಲಾಗದ ಕೆಲವು ಕೆಲಸಗಳನ್ನು ಕಡ್ಡಾಯ ಮಾಡಿದೆ.

ಮೂರರಿಂದ ಹನ್ನೆರಡು ವರ್ಷದವರ ಪ್ರಾಥಮಿಕ ಹಂತದ ಕೊನೆಯಲ್ಲಿ ಮಕ್ಕಳು ಗುಂಪಾಗಿ ಒಂದು ಸಮಸ್ಯೆಯನ್ನು ಅಧ್ಯಯನ ಮಾಡಿ ಎಲ್ಲರ ಮುಂದೆ ಪ್ರದರ್ಶಿಸಬೇಕು. ಹನ್ನೊಂದರಿಂದ ಹದಿನಾರರ ಹಂತದ ಕೊನೆಯ ವರ್ಷ ಪ್ರತಿ ವಿದ್ಯಾರ್ಥಿಯೂ ತಾನೇ ಆರಿಸಿಕೊಂಡ ಒಂದು ಪರ್ಸನಲ್ ಪ್ರಾಜೆಕ್ಟ್ ಮಾಡಬೇಕು.

ನಮ್ಮ ಪಿಯುಸಿಗೆ ಸಮನಾದ ಎರಡು ವರ್ಷದ ಡಿಪ್ಲೊಮಾ ಹಂತ ಎಲ್ಲಕ್ಕಿಂತ ಬಿಗಿಯಾದದ್ದು. ಆರು ವಿಷಯ, ಪ್ರತಿಯೊಂದಕ್ಕೂ ಗರಿಷ್ಠ 7ರಂತೆ 42 ಅಂಕ. ಅದರ ಜೊತೆ ಮೂರು ಕಡ್ಡಾಯ ಭಾಗಗಳು. ಮೊದಲನೆಯದು 4,000 ಪದಗಳ ಮಿತಿಯ ಸಂಶೋಧನಾ ಪ್ರಬಂಧ. ಎರಡನೆಯದು 'ಥಿಯರಿ ಆಫ್ ನಾಲೆಡ್ಜ್'. ನಮಗೆ ಒಂದು ವಿಷಯ ನಿಜ ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳುವ ಪಾಠ ಇದು. ಇವೆರಡಕ್ಕೂ ಸೇರಿ ಗರಿಷ್ಠ 3 ಅಂಕ, ಒಟ್ಟು 45.

ಮೂರನೆಯದು ಸಿಎಎಸ್. ಸೃಜನಶೀಲತೆ, ದೈಹಿಕ ಚಟುವಟಿಕೆ, ಸೇವೆ ಎಂಬ ಮೂರನ್ನು ಒಳಗೊಂಡ ಇದು ಕನಿಷ್ಠ 18 ತಿಂಗಳು ನಡೆಯಬೇಕು. ಇದಕ್ಕೆ ಅಂಕವಿಲ್ಲ. ಆದರೆ ಇದನ್ನು ಪೂರೈಸದಿದ್ದರೆ ಆರು ವಿಷಯಗಳಲ್ಲಿ ಎಷ್ಟೇ ಅಂಕ ಬಂದಿದ್ದರೂ ಡಿಪ್ಲೊಮಾ ಸಿಗುವುದಿಲ್ಲ. ಅಂಕಕ್ಕಾಗಿ ಅಲ್ಲದೆ ಒಂದು ಕೆಲಸವನ್ನು ಒಂದೂವರೆ ವರ್ಷ ಹಿಡಿದು ಮಾಡು ಎನ್ನುವ ಈ ನಿಯಮ, ಟ್ಯೂಷನ್‌ನಿಂದ ಟ್ಯೂಷನ್‌ಗೆ ಓಡುವ ನಮ್ಮ ಮಕ್ಕಳಿಗೆ ಹೊಸದೇ ಸರಿ.

ಪೋಸ್ಟರ್ ಸೋಲುವುದು ಎಲ್ಲಿ?

2024ರ ಮೇ ತಿಂಗಳ ಡಿಪ್ಲೊಮಾ ಪರೀಕ್ಷೆಯ ವೇಳೆ ಜಗತ್ತಿನ ಒಂದು ಭಾಗದಲ್ಲಿ ಮೊದಲು ಪರೀಕ್ಷೆ ಬರೆದ ಕೆಲವರು ಗಣಿತದ ಪ್ರಶ್ನೆಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಾಕಿದರು. ಆಗ ಬೇರೆ ಟೈಮ್ ಝೋನ್‌ನ ವಿದ್ಯಾರ್ಥಿಗಳು ಇನ್ನೂ ಪರೀಕ್ಷೆ ಬರೆದಿರಲಿಲ್ಲ. ಇಂಥ ವಂಚನೆ ನಡೆದಿದೆ ಎಂದು ಐಬಿಯೇ ಒಪ್ಪಿಕೊಂಡಿತು. 'ಪ್ರಿನ್ಸಿಪಲ್ಡ್' ಎಂಬ ಪದವನ್ನು ವರ್ಷಗಟ್ಟಲೆ ಗೋಡೆಯ ಮೇಲೆ ನೋಡಿ ಬೆಳೆದವರೂ ಅಂಕದ ಒತ್ತಡದ ಮುಂದೆ ಬಾಗಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಚಾಟ್‌ಜಿಪಿಟಿ ಬಂದಾಗ ಐಬಿ ಹಿಡಿದ ದಾರಿ ಮಾತ್ರ ಗಮನಾರ್ಹ. ಅದನ್ನು ನಿಷೇಧಿಸುವುದಿಲ್ಲ, ಆದರೆ ಬಳಸಿದ್ದನ್ನು ಮುಚ್ಚಿಡದೆ ಉಲ್ಲೇಖಿಸಬೇಕು, ಅದು ಬರೆದದ್ದನ್ನು ತನ್ನದೆಂದು ಹೇಳಿಕೊಳ್ಳಬಾರದು ಎಂದು 2023ರಲ್ಲಿ ತಿಳಿಸಿತು. ಇದೂ ಪ್ರಾಮಾಣಿಕತೆಯ ಪಾಠವೇ. ಆದರೆ ರಾತ್ರಿ ಲ್ಯಾಪ್‌ಟಾಪ್ ಮುಂದೆ ಒಬ್ಬನೇ ಕೂತ ಹುಡುಗನೇ ಅದನ್ನು ಪಾಲಿಸಬೇಕು.

ಇನ್ನೊಂದು ಅಪಾಯ ಸೇವೆಯ ಭಾಗದಲ್ಲಿದೆ. ಅನಾಥಾಶ್ರಮಕ್ಕೆ ಒಂದು ದಿನ ಹೋಗಿ, ಬಿಸ್ಕತ್ತು ಹಂಚಿ, ಫೋಟೊ ತೆಗೆಸಿಕೊಂಡು ಫೈಲಿಗೆ ಸೇರಿಸಿದರೆ ಅದು ಕಾಳಜಿ ಅಲ್ಲ. ಅದೇ ಹುಡುಗ ಪಕ್ಕದ ಸರ್ಕಾರಿ ಶಾಲೆಯ ನಾಲ್ಕು ಮಕ್ಕಳಿಗೆ ಒಂದು ವರ್ಷ ಗಣಿತ ಹೇಳಿಕೊಟ್ಟರೆ ಅವನೇ ಬದಲಾಗುತ್ತಾನೆ.

ಮೂರನೆಯದು ದುಡ್ಡಿನ ಗೋಡೆ. ಇಷ್ಟು ಫೀಸು ಕಟ್ಟಬಲ್ಲವರ ಮಕ್ಕಳೇ ತುಂಬಿರುವ ತರಗತಿಯಲ್ಲಿ ಅಮೆರಿಕ, ಕೊರಿಯಾದ ಗೆಳೆಯರು ಸಿಗಬಹುದು. ಆದರೆ ಬಸ್ ಕಂಡಕ್ಟರ್ ಮಗ ಪಕ್ಕದಲ್ಲಿ ಕೂರುವುದು ಅಪರೂಪ. ತೆರೆದ ಮನಸ್ಸು ದೂರದ ದೇಶಗಳಿಗೆ ಮಾತ್ರ ತೆರೆದು, ಹತ್ತಿರದ ಬೀದಿಗೆ ಮುಚ್ಚಿದ್ದರೆ ಅದು ಅರ್ಧ ಶಿಕ್ಷಣ.

ಕನ್ನಡ ಬಿಟ್ಟರೆ 'ಇಂಟರ್‌ನ್ಯಾಷನಲ್' ಆಗುತ್ತಾರಾ?

ಹೊರನಾಡ ಕನ್ನಡಿಗರು ಮುಖ್ಯವಾಗಿ ಗಮನಿಸಬೇಕಾದ ವಿಷಯ ಇದು. ಮಗು ಇಂಟರ್‌ನ್ಯಾಷನಲ್ ಸ್ಕೂಲ್ ಸೇರಿದೊಡನೆ ಮನೆಯಲ್ಲೂ ಇಂಗ್ಲಿಷ್ ಶುರುವಾಗುತ್ತದೆ. ಮಗುವಿಗೆ ಗೊಂದಲವಾಗಬಾರದು ಎಂಬುದು ಪೋಷಕರ ಸಮಜಾಯಿಷಿ.

ಲರ್ನರ್ ಪ್ರೊಫೈಲ್ ಹೇಳುವುದು ಇದಕ್ಕೆ ತದ್ವಿರುದ್ಧ. ತೆರೆದ ಮನಸ್ಸು ಎಂಬ ಗುಣದ ವಿವರಣೆ ಬೇರೆಯವರ ಸಂಸ್ಕೃತಿಯಿಂದ ಶುರುವಾಗುವುದಿಲ್ಲ. ತನ್ನ ಸಂಸ್ಕೃತಿ, ತನ್ನ ಮನೆತನದ ಕಥೆಯನ್ನು ವಿಮರ್ಶೆಯ ಕಣ್ಣಿನಿಂದ ಅರಿತು ಮೆಚ್ಚುವುದು ಮೊದಲು, ಬೇರೆಯವರದ್ದು ಆಮೇಲೆ. ತನ್ನದೇನೆಂದು ಗೊತ್ತಿಲ್ಲದ ಮಗು ಬೇರೆಯವರ ಮುಂದೆ ಏನನ್ನು ಇಡಬೇಕು?

ಡಿಪ್ಲೊಮಾದಲ್ಲಿ ಇದಕ್ಕೆ ದಾರಿಯೂ ಇದೆ. ಶಾಲೆಯಲ್ಲಿ ಆ ಭಾಷೆಯ ಶಿಕ್ಷಕರಿಲ್ಲದಿದ್ದರೂ, ವಿದ್ಯಾರ್ಥಿ ತನ್ನ ಮಾತೃಭಾಷೆಯ ಸಾಹಿತ್ಯವನ್ನು ಶಾಲೆಯ ಬೆಂಬಲದೊಂದಿಗೆ ಸ್ವಯಂ ಅಧ್ಯಯನದ ಮೂಲಕ ಸ್ಟ್ಯಾಂಡರ್ಡ್ ಮಟ್ಟದಲ್ಲಿ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಸಿದ್ಧಪಟ್ಟಿಯಲ್ಲಿಲ್ಲದ ಭಾಷೆಗೆ ಶಾಲೆಯೇ ಐಬಿಗೆ ಮುಂಚಿತವಾಗಿ ವಿಶೇಷ ಮನವಿ ಸಲ್ಲಿಸಬೇಕಾಗುತ್ತದೆ. ಎರಡು ಭಾಷೆಗಳನ್ನು ಸಾಹಿತ್ಯದ ಮಟ್ಟದಲ್ಲಿ ಓದಿ ತೇರ್ಗಡೆಯಾದವರಿಗೆ 'ಬೈಲಿಂಗ್ವಲ್ ಡಿಪ್ಲೊಮಾ' ಸಿಗುತ್ತದೆ. ನಿಮ್ಮ ಮಗು ಕನ್ನಡ ಸಾಹಿತ್ಯ ಓದುವ ಆಸಕ್ತಿ ತೋರಿದರೆ ಹತ್ತನೇ ತರಗತಿಯಲ್ಲಿರುವಾಗಲೇ ಡಿಪ್ಲೊಮಾ ಕೋಆರ್ಡಿನೇಟರ್ ಬಳಿ ಕೇಳಿ. ಆದರೆ ಅದಕ್ಕೆ ಮಗುವಿಗೆ ಕನ್ನಡ ಓದಲು ಬರಬೇಕು. ಆ ತಯಾರಿ ಮನೆಯಲ್ಲೇ, ಒಂದನೇ ತರಗತಿಯಿಂದಲೇ ನಡೆಯಬೇಕು.

ನಮ್ಮ ಬೋರ್ಡ್‌ಗಳಲ್ಲಿ ಇದು ಇಲ್ಲವೇ?

ಗುಣ ಬೆಳೆಸುವ ಆಸೆ ನಮ್ಮ ವ್ಯವಸ್ಥೆಗೂ ಹೊಸದಲ್ಲ. ಸಿಬಿಎಸ್ಇ 2009ರಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ತಂದಾಗ ಜೀವನ ಕೌಶಲ, ಮನೋಭಾವ, ಮೌಲ್ಯಗಳಿಗೂ ಗ್ರೇಡ್ ಇತ್ತು. ಅದು 2017ರಲ್ಲಿ ನಿಂತಿತು, ಹತ್ತನೇ ತರಗತಿಗೆ ಬೋರ್ಡ್ ಪರೀಕ್ಷೆ ಮತ್ತೆ ಕಡ್ಡಾಯವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತೆ ಅದೇ ದಿಕ್ಕಿನಲ್ಲಿ ಮಾತನಾಡಿದೆ. ಶಿಕ್ಷಕರ ಜೊತೆ ಮಗು ತಾನೇ, ಸಹಪಾಠಿಗಳೂ ಮೌಲ್ಯಮಾಪನ ಮಾಡುವ ಸಮಗ್ರ ಪ್ರಗತಿ ಪತ್ರ ಬರಬೇಕು ಎಂದು ಹೇಳಿದೆ. ದೆಹಲಿ ಸರ್ಕಾರ 2021ರಲ್ಲಿ ತನ್ನ ಹೊಸ ಶಾಲಾ ಮಂಡಳಿಗಾಗಿ ಐಬಿ ಜೊತೆಗೇ ಒಪ್ಪಂದ ಮಾಡಿಕೊಂಡಿತ್ತು.

ಅಂದರೆ ಈ ಗುಣಗಳಿಗೆ ಯಾವ ಬೋರ್ಡಿನ ಪೇಟೆಂಟೂ ಇಲ್ಲ. ವ್ಯತ್ಯಾಸ ಇರುವುದು ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಶಿಕ್ಷಕರಿಗೆ ತರಬೇತಿ ಮತ್ತು ಸಮಯ ಎಷ್ಟಿದೆ, ಕೊನೆಯ ಪರೀಕ್ಷೆ ಏನನ್ನು ಕೇಳುತ್ತದೆ ಎಂಬುದರಲ್ಲಿ.

ಅಡ್ಮಿಷನ್‌ಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

* ಶಾಲೆಗೆ ಐಬಿ ಮಾನ್ಯತೆ ಸಿಕ್ಕಿದೆಯೇ, ಇನ್ನೂ ಅರ್ಜಿಯ ಹಂತದಲ್ಲಿದೆಯೇ? ಯಾವ ಹಂತಕ್ಕೆ ಮಾನ್ಯತೆ? ಮಾನ್ಯತೆ ಪಡೆದ ಶಾಲೆಗಳ ಪಟ್ಟಿ ಐಬಿ ವೆಬ್‌ಸೈಟ್‌ನಲ್ಲೇ ಸಿಗುತ್ತದೆ.

* ಕಳೆದ ವರ್ಷದ ಮಕ್ಕಳ ಪರ್ಸನಲ್ ಪ್ರಾಜೆಕ್ಟ್ ಅಥವಾ ಪ್ರದರ್ಶನದ ಕೆಲಸ ತೋರಿಸುತ್ತೀರಾ? ಮಗುವೇ ಮಾಡಿದ್ದೋ, ಪೋಷಕರು ದುಡ್ಡು ಕೊಟ್ಟು ಮಾಡಿಸಿದ್ದೋ ನೋಡಿದರೆ ತಿಳಿಯುತ್ತದೆ.

* ಮಗು ನಕಲು ಮಾಡಿ ಸಿಕ್ಕಿಬಿದ್ದರೆ ನೀವು ಏನು ಮಾಡುತ್ತೀರಿ? ಪ್ರಾಮಾಣಿಕತೆಯನ್ನು ಶಾಲೆ ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ಎಂಬುದು ಈ ಉತ್ತರದಲ್ಲಿ ಗೊತ್ತಾಗುತ್ತದೆ.

* ಸೇವಾ ಕೆಲಸ ಎಲ್ಲಿ, ಯಾರ ಜೊತೆ, ಎಷ್ಟು ತಿಂಗಳು ನಡೆಯುತ್ತದೆ?

* ಶಿಕ್ಷಕರು ಇಲ್ಲಿ ಸರಾಸರಿ ಎಷ್ಟು ವರ್ಷ ಉಳಿಯುತ್ತಾರೆ? ವರ್ಷಕ್ಕೊಬ್ಬ ಟೀಚರ್ ಬದಲಾಗುವ ಕಡೆ ಯಾವ ಗುಣವೂ ಬೇರು ಬಿಡುವುದಿಲ್ಲ.

* ಭಾರತದಲ್ಲೇ ಕಾಲೇಜು ಎಂದಾದರೆ ವಿಷಯಗಳ ಜೋಡಣೆ ಹೇಗೆ? ಐಬಿ ಡಿಪ್ಲೊಮಾವನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಹನ್ನೆರಡನೇ ತರಗತಿಗೆ ಸಮ ಎಂದು ಮಾನ್ಯ ಮಾಡಿದೆ. ಆದರೆ ನೀಟ್, ಜೆಇಇ ಬರೆಯಲೇಬೇಕು. ಮೆಡಿಕಲ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು. ಡಿಪ್ಲೊಮಾದ ಸಾಮಾನ್ಯ ಚೌಕಟ್ಟಿನಲ್ಲಿ ಮೂರನೇ ವಿಜ್ಞಾನ ವಿಷಯಕ್ಕೆ ವಿಶೇಷ ಅನುಮತಿ ಬೇಕಾಗುತ್ತದೆ. ಇದನ್ನು ಹನ್ನೊಂದನೇ ತರಗತಿಗೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಫೀಸಿಲ್ಲದ ಪಾಠ

ಮಗು ಊಟದ ಹೊತ್ತಿನಲ್ಲಿ ಕೇಳಿದ ಪ್ರಶ್ನೆಗೆ 'ಸುಮ್ಮನೆ ತಿನ್ನು' ಎನ್ನುವ ಬದಲು 'ಗೊತ್ತಿಲ್ಲ, ಇಬ್ಬರೂ ಹುಡುಕೋಣ' ಎಂದರೆ ಅಲ್ಲಿಗೆ ಮೊದಲ ಗುಣ ಶುರು. ರಾಂಗ್ ಸೈಡಿನಲ್ಲಿ ಗಾಡಿ ಓಡಿಸುವ ಅಪ್ಪನ ಹಿಂದೆ ಕೂತ ಮಗು ಶಾಲೆಯ ಗೋಡೆಯಲ್ಲಿ ಐದನೇ ಗುಣವನ್ನು ಓದಿ ಏನು ತಿಳಿದುಕೊಳ್ಳಬೇಕು? ಮನೆಗೆಲಸದವರನ್ನು ಅಮ್ಮ ಮಾತನಾಡಿಸುವ ರೀತಿಯನ್ನು ನೋಡಿಯೇ ಮಗು ಏಳನೇ ಗುಣವನ್ನು ಕಲಿಯುತ್ತದೆ ಅಥವಾ ಮರೆಯುತ್ತದೆ. ಕಡಿಮೆ ಅಂಕ ತಂದ ದಿನ ನಾವು ಆಡುವ ಮಾತಿನ ಮೇಲೆ ಎಂಟನೇ ಗುಣ ನಿಂತಿದೆ.

ಒಳ್ಳೆಯ ಇಂಟರ್‌ನ್ಯಾಷನಲ್ ಸ್ಕೂಲ್ ಈ ಕೆಲಸದಲ್ಲಿ ದೊಡ್ಡ ನೆರವಾಗಬಹುದು. ಅದು ಕೈಗೆಟುಕದವರು ಕೊರಗಬೇಕಿಲ್ಲ, ಕೈಗೆಟುಕಿದವರು ಫೀಸು ಕಟ್ಟಿ ನಿಶ್ಚಿಂತರಾಗಿ ಕೂರುವಂತೆಯೂ ಇಲ್ಲ. ಸ್ಕೂಲ್ ಬಸ್ ಸಂಜೆ ಮಗುವನ್ನು ಮನೆ ಬಾಗಿಲಿಗೆ ತಂದು ಬಿಟ್ಟ ಮೇಲೆ, ಉಳಿದ ಹೊತ್ತಿನ ಪಾಠ ನಮ್ಮದೇ.